ಹಿಂದಿರುಗಿಸಿದ ತಿದ್ದುಪಡಿ

ಅದು ೨೦೨೧ನೆಯ ಇಸವಿ. ನನಗೆ ಆಗ ನಲವತ್ತೇಳು ವರ್ಷ. ಉಮರ್ಗಾ ತಾಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಇಪ್ಪತ್ತೈದು ವರ್ಷ ಕನ್ನಡವನ್ನು, ಅದರಲ್ಲಿಯೂ ವ್ಯಾಕರಣವನ್ನು ಕಲಿಸಿದ ಮೇಲೆ, ಕನ್ನಡ ಮಾಧ್ಯಮದ ತರಗತಿಗಳಿಗೆ ಮಕ್ಕಳು ಸಾಲದೆ ಹೋದುದರಿಂದ ನಾನು ‘ಅತಿರಿಕ್ತ’ ಶಿಕ್ಷಕನಾದೆ. ಬೇಕಾದುದಕ್ಕಿಂತ ಹೆಚ್ಚಾಗಿ ಉಳಿದವನು ಎಂದು ಅದರ ಅರ್ಥ. ದೂರದ ಊರಿನ ಮರಾಠಿ ಶಾಲೆಗೆ ಹೋಗಿ ಕೊಟ್ಟ ವಿಷಯವನ್ನು ಕಲಿಸಬಹುದು, ಇಲ್ಲವೆ ಸ್ವಇಚ್ಛೆಯಿಂದ ನಿವೃತ್ತನಾಗಬಹುದು ಎಂದು ಎರಡು ದಾರಿಗಳನ್ನು ತೋರಿಸಿದರು. ನಾನು ಎರಡನೆಯದನ್ನು ಹಿಡಿದೆ.

ಮನೆಯಲ್ಲಿ ನನಗೆ ಕೆಲಸವಿರಲಿಲ್ಲ. ದಾಳಿಂಬ ಊರಿನಲ್ಲಿದ್ದ ನಮ್ಮ ಹೊಲವನ್ನು ತಮ್ಮ ನೋಡಿಕೊಳ್ಳುತ್ತಿದ್ದ. ನಾನು ಬದುವಿನ ಮೇಲೆ ನಿಂತರೆ ಆಳುಗಳು ಪರೀಕ್ಷೆಗೆ ಕುಳಿತ ಮಕ್ಕಳಂತೆ ಮುದುಡುತ್ತಾರೆಂದು ಅವನ ದೂರು. ಆದ್ದರಿಂದ ಬೆಳಗಿನ ಪತ್ರಿಕೆಯನ್ನು ಮುಂದಿಟ್ಟುಕೊಂಡು ಅದರ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತ ಕುಳಿತುಕೊಳ್ಳುತ್ತಿದ್ದೆ.

“ಸಾಲಿ ಬಿಟ್ಟಿತು, ಕೆಂಪ್ ಪೆನ್ ಬಿಡಲಿಲ್ಲ,” ಎನ್ನುತ್ತಿದ್ದಳು ಹೆಂಡತಿ. “ಆ ಪೇಪರಿನವರಿಗಿ ನೀವು ಬರದದ್ದು ಕಾಣತದೇನ್ರಿ?”

ಆ ಮಳೆಗಾಲದಲ್ಲಿ ಕಾಸಾರಶಿರಸಿಯ ಅಯ್ಯನವರು ನಮ್ಮ ಮನೆಗೆ ಬಂದರು. ಅವರದು ಜಂಗಮ ಮನೆತನ. ನಮ್ಮದು ಒಕ್ಕಲು ಮನೆತನ, ತಲೆತಲಾಂತರದಿಂದ ಅವರ ಮಠಕ್ಕೆ ನಡೆದುಕೊಂಡವರು. ಕೂಸಿಗೆ ಲಿಂಗ ಕಟ್ಟುವುದಕ್ಕೆ, ಮದುವೆಗೆ, ಸತ್ತವರ ಮಣ್ಣಿಗೆ ಅವರೇ ಬರಬೇಕು. ಈ ಅಯ್ಯನವರು ಎಂಜಿನಿಯರಿಂಗ್ ಓದಿ ಪುಣೆಯಲ್ಲಿ ಹನ್ನೊಂದು ವರ್ಷ ನೆಟ್‌ವರ್ಕಿನ ಕೆಲಸ ಮಾಡಿದ್ದರು. ತಂದೆ ಲಿಂಗೈಕ್ಯರಾದ ಮೇಲೆ ಭಕ್ತರ ಮನೆಗಳನ್ನು ಬಿಟ್ಟುಕೊಡುವಂತಿಲ್ಲವೆಂದು ಊರಿಗೆ ಮರಳಿದ್ದರು. ವಯಸ್ಸಿನಲ್ಲಿ ನನಗಿಂತ ಹನ್ನೊಂದು ವರ್ಷ ಚಿಕ್ಕವರು. ನಾನು ಶಿಕ್ಷಕನಾದ ಮೊದಲ ವರ್ಷ ಐದನೆಯ ಇಯತ್ತೆಯಲ್ಲಿ, ಅಂದರೆ ಐದನೆಯ ತರಗತಿಯಲ್ಲಿ, ನನ್ನ ಮುಂದೆ ಕುಳಿತಿದ್ದವರು.

ಹೀಗಾಗಿ ನಮ್ಮಿಬ್ಬರ ನಡುವೆ ಒಂದು ವಿಚಿತ್ರ ಕಟ್ಟುಪಾಡಿತ್ತು. ಅವರು ಹೊಸ್ತಿಲಿಗೆ ಬಂದರೆ ನಾನು ಪಾದಕ್ಕೆ ನೀರು ಹಾಕಿ, ಹಣೆ ಮುಟ್ಟಿಸಿ ಒಳಗೆ ಕರೆಯಬೇಕು. ಚಾಪೆಯ ಮೇಲೆ ಕುಳಿತ ಕ್ಷಣದಿಂದ ಅವರು ನನ್ನನ್ನು ಗುರುಗಳೆಂದು ಕರೆದು, ನಾನು ಹೇಳಿದ್ದಕ್ಕೆ ತಲೆಯಾಡಿಸಬೇಕು. ಯಾರು ಯಾರಿಗೆ ದೊಡ್ಡವರು ಎಂಬುದು ಹೊಸ್ತಿಲಿನಿಂದ ಚಾಪೆಯವರೆಗಿನ ನಾಲ್ಕು ಹೆಜ್ಜೆಗಳಲ್ಲಿ ತಿರುವುಮುರುವಾಗುತ್ತಿತ್ತು.

“ಗುರುಗಳ, ನಿಮ್ಮಿಂದ ಒಂದ್ ಕೆಲಸ ಆಗಬೇಕಾಗ್ಯದ್ರಿ,” ಎಂದರು.

“ಅಪ್ಪಣಿ ಆಗಲ್ರಿ ಅಯ್ಯನವರ.”

“ಅಪ್ಪಣಿ ಅಲ್ರಿ. ಓದೂದು ಅದ. ಭಾಳ ಅದ.”

ಜೋಳಿಗೆಯಿಂದ ಅವರು ತೆಗೆದದ್ದು ಮುದ್ರಿಸಿದ ಇಂಗ್ಲಿಷ್ ಹಾಳೆಗಳ ಕಟ್ಟು. ಕಂಪ್ಯೂಟರುಗಳೂ ಮೊಬೈಲುಗಳೂ ಪರಸ್ಪರ ಮಾತಾಡುವ ರೀತಿಯನ್ನು ಗೊತ್ತುಮಾಡುವ ಒಂದು ಹೊಸ ಪ್ರೋಟೋಕಾಲ್. ಕ್ವಿಕ್ ಎಂದು ಅದರ ಹೆಸರು. ಆ ವರ್ಷದ ಮೇ ತಿಂಗಳಲ್ಲಷ್ಟೇ ಅದರ ನಿಯಮಗಳು ಅಂತಿಮ ರೂಪದಲ್ಲಿ ಪ್ರಕಟವಾಗಿದ್ದವು. ಅದಕ್ಕೂ ಮೊದಲು ಕರಡುಗಳನ್ನು ಓದುತ್ತಲೇ ಅಯ್ಯನವರು ಅದಕ್ಕೊಂದು ಲೈಬ್ರರಿ ಬರೆಯತೊಡಗಿದ್ದರು. ಇದು ಪುಸ್ತಕ ಇಡುವ ಮನೆಯಲ್ಲ. ಇತರರು ತಮ್ಮ ತಂತ್ರಾಂಶದೊಳಗೆ ನೇರವಾಗಿ ಕೂಡಿಸಿಕೊಳ್ಳಬಹುದಾದ ಸಿದ್ಧ ಕೋಡ್. ಮುಕ್ತ ತಂತ್ರಾಂಶವಾದುದರಿಂದ ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದುಪಡಿ ಬರೆದು ಕಳಿಸಬಹುದು, ಪ್ರತಿ ಮಾಡಿಕೊಂಡು ಬೇರೆಯಾಗಿಯೂ ನಡೆಸಬಹುದು. ಈ ಕೊನೆಯ ಮಾತನ್ನು ಅವರು ಅಂದೇ ಹೇಳಿದ್ದರು. ನಾನು ಕೇಳಿಸಿಕೊಂಡೆ, ಅದರ ತೂಕ ತಿಳಿಯಲಿಲ್ಲ.

“ಹೊಸಾದು ಅಂದ್ರ ಏನ್ ಹೊಸಾದ್ರಿ ಇದರಾಗ?” ಎಂದು ಕೇಳಿದೆ.

“ನಮ್ಮ ಭಕ್ತರ ಮನಿ ಹಾಂಗ ತಿಳ್ಕೋರಿ. ನಿಮ್ಮ ಕಾಕಾ ನಿಲಂಗಾಕ್ಕ ಹೋದ್ರು. ಅವರ ಮಗ ಅಲ್ಲಿಂದ ಮತ್ತೆಲ್ಲೋ ಹೋದ. ಮನಿ ಬದಲಾತು, ಗಲ್ಲಿ ಬದಲಾತು. ಆದ್ರ ನಮ್ಮ ಅಪ್ಪಾರ ವಹಿದಾಗ ಆ ಮನಿತನ ಇನ್ನಾ ಅದ. ಎಲ್ಲಿದ್ರೂ ನಾವೇ ಅವರ ಅಯ್ಯನೋರು. ಹಳೇ ಪದ್ಧತಿದಾಗ ಪತ್ತಾ ಬದಲಾದ್ರ ಸಂಬಂಧ ಹರೀತಿತ್ತು. ಹೊಸಾದ್ರಾಗ ಹರೆಂಗಿಲ್ಲ. ಟವರ್ ಬದಲಾಗಲಿ, ವಾಯ್‌ಫಾಯ್ ಹೋಗಲಿ, ಮಾತು ನಡದೇ ಇರತದ.”

ಅಷ್ಟು ಸ್ವಚ್ಛವಾಗಿ ಹೇಳಿದರೆ ನನಗೂ ಅರ್ಥವಾಗುತ್ತದೆ. ನಾನೇನು ಮಾಡಬೇಕೆಂದು ಕೇಳಿದೆ. ಕೋಡ್ ಬರೆಯುವುದು ಬೇಡ, ಈ ಹಾಳೆಗಳಲ್ಲಿ ಹೇಳಿದಂತೆಯೇ ಕೋಡ್ ನಡೆಯುತ್ತಿದೆಯೇ ಎಂದು ಸಾಲು ಸಾಲಾಗಿ ನೋಡಬೇಕು ಎಂದರು. ಬರೆದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ. ಐದನೆಯ ಇಯತ್ತೆಯಲ್ಲಿ ಅವರ ನಿಬಂಧದಲ್ಲಿ ನನಗೆ ಕಂಡಷ್ಟು ತಪ್ಪು ಪುಣೆಯ ಯಾವ ಸಾಹೇಬನಿಗೂ ಅವರ ಕೆಲಸದಲ್ಲಿ ಕಂಡಿರಲಿಲ್ಲವಂತೆ.

ಇನ್ನೊಂದು ಮಾತನ್ನೂ ಹೇಳಿದರು, ಹೊರಡುವಾಗ, ಚಪ್ಪಲಿಗೆ ಕಾಲು ತೂರಿಸುತ್ತ. ಉದಗೀರದ ಮಠವನ್ನು ಅವರ ಕಾಕಾ ನೋಡಿಕೊಳ್ಳುತ್ತಿದ್ದರು. ಕಾಕಾನ ತರುವಾಯ ಅದರ ಭಾರ ಇವರ ಹೆಗಲಿಗೆ ಬರುವುದು ಖಚಿತ. “ಕಾಕಾ ಇರೂ ತನಾ ನಂಗ ಯಾಳ್ಯಾ ಅದ್ರಿ. ಅಷ್ಟರಾಗ ಇದನ್ನ ನಡಸೂ ಮಂದಿ ಹುಟ್ಟಬೇಕು. ನಾ ಕೈ ಬಿಟ್ರೂ ಇದು ಬೀಳಬಾರದು. ಇಲ್ಲಾಂದ್ರ ಇಷ್ಟು ವರ್ಷ ನಾ ಏನ್ ಮಾಡ್ದೆ ಅಂತ ನಂಗೇ ತಿಳಿಯಂಗಿಲ್ಲ.”

ನಾನು ಒಪ್ಪಿಕೊಂಡೆ. ಕೋಡ್ ಓದಲು ಕಲಿಯುವುದಕ್ಕೆ ಒಂದು ವರ್ಷ ಹಿಡಿಯಿತು. ಭಾಷೆ ಯಾವುದಾದರೇನು, ಕರ್ತೃ ಯಾರು, ಕ್ರಿಯೆ ಯಾವುದು, ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಹುಡುಕುವ ಅಭ್ಯಾಸ ನನಗಿತ್ತು. ಉದ್ದನೆಯ ವಹಿಯೊಂದನ್ನು ತಂದು ಪುಟದ ನಡುವೆ ಗೆರೆ ಎಳೆದು ಎರಡು ಮಾಡಿದೆ: ಎಡಕ್ಕೆ ನಿಯಮ, ಬಲಕ್ಕೆ ಅದನ್ನು ನಡೆಸುವ ಕೋಡಿನ ಸಾಲು. ಬಲಗಡೆ ಖಾಲಿ ಉಳಿದರೆ ತಪ್ಪು.

ಆ ವರ್ಷದ ಕೊನೆಗೇ ಒಂದು ದೊಡ್ಡ ತಪ್ಪು ಸಿಕ್ಕಿತು. ಗುರುತಿಲ್ಲದ ವಿಳಾಸದಿಂದ ಬಂದ ಮಾತಿಗೆ, ಆ ವಿಳಾಸ ಖಚಿತವಾಗುವ ತನಕ, ಬಂದುದರ ಮೂರು ಪಟ್ಟಿಗಿಂತ ಹೆಚ್ಚು ಉತ್ತರ ಕಳಿಸಕೂಡದೆಂದು ನಿಯಮ. ಇಲ್ಲದಿದ್ದರೆ ಕಿಡಿಗೇಡಿಗಳು ಬೇರೆಯವರ ವಿಳಾಸ ಹೇಳಿ ಅವರ ಮೇಲೆ ಪ್ರವಾಹ ಹರಿಸಬಹುದು. ನಮ್ಮ ಕೋಡಿನಲ್ಲಿ ಒಂದು ಮೂಲೆಯಲ್ಲಿ ಆ ಎಣಿಕೆ ತಪ್ಪಿಹೋಗಿತ್ತು. ಅಯ್ಯನವರು ಫೋನ್ ಹಿಡಿದೇ ಆ ಸಾಲನ್ನು ತೆರೆದು ನೋಡಿ, “ಗುರುಗಳ, ಇದು ಯಾರ್ ಕೈಗರೆ ಸಿಕ್ಕಿದ್ರ ನನ್ ಮಾನ ಹೋಗತಿತ್ತು,” ಎಂದರು. ಮರುದಿನವೇ ಒಂದು ನೇಮ ಮಾಡಿದರು: ನಾವಿಬ್ಬರೂ ಒಪ್ಪದೆ ಯಾವ ಬದಲಾವಣೆಯೂ ಒಳಗೆ ಬರಕೂಡದು.

ಶಾಲೆ ಬಿಟ್ಟ ಮೇಲೆ ಮೊದಲ ಸಲ ನನಗೆ ಊಟ ರುಚಿಸಿತು.

ಅಯ್ಯನವರ ಅಕ್ಕ ಉದಗೀರದಲ್ಲಿ ದನಗಳ ಡಾಕ್ಟರು. ಆಕೆಯನ್ನು ಎಲ್ಲರೂ ಡಾಕ್ಟರ್ ಬಾಯಿ ಎಂದೇ ಕರೆಯುತ್ತಿದ್ದರು. ಗಡಿಯ ಹಳ್ಳಿಗಳಿಂದ ರೈತರು ಅವರಿಗೆ ಮೊಬೈಲಿನಲ್ಲಿಯೇ ದನ ತೋರಿಸಿ ಔಷಧ ಕೇಳುತ್ತಿದ್ದರು. ಗಡಿಯಲ್ಲಿ ಒಂದು ತೊಡಕಿದೆ: ಹೊಲದ ಈ ಮೂಲೆಯಲ್ಲಿ ನಿಂತರೆ ಮಹಾರಾಷ್ಟ್ರದ ಟವರು, ಆ ಮೂಲೆಗೆ ಹೋದರೆ ಕರ್ನಾಟಕದ ಟವರು. ತನ್ನ ಕೊಟ್ಟಿಗೆಯಲ್ಲಿ ನಿಂತವನಿಗೆ ಕರ್ನಾಟಕಕ್ಕೆ ಸ್ವಾಗತ ಎಂದು ಸಂದೇಶ ಬರುತ್ತದೆ. ಅದರ ಜೊತೆಗೆ ಕರೆ ಕಡಿದುಹೋಗುತ್ತದೆ. ಅಕ್ಕನಿಗಾಗಿ ಅಯ್ಯನವರು ಈ ಲೈಬ್ರರಿಯ ಮೇಲೆ ಒಂದು ಚಿಕ್ಕ ಆ್ಯಪ್ ಮಾಡಿಕೊಟ್ಟರು. ನಮ್ಮ ಲೈಬ್ರರಿಯನ್ನು ದಿನದ ಕೆಲಸಕ್ಕೆ ಬಳಸಿದ ಮೊದಲ ಜೀವ ಆಕೆ.

ಅದರ ಪರೀಕ್ಷೆಗೆಂದು ನಾವಿಬ್ಬರೂ ಉಮರ್ಗಾದಿಂದ ಕಾಸಾರಶಿರಸಿಯ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅಯ್ಯನವರು, ತೊಡೆಯ ಮೇಲೆ ಲ್ಯಾಪ್‌ಟಾಪ್. ನಾನು ಮೊಬೈಲ್ ಹಿಡಿದು, ಉದಗೀರದಲ್ಲಿ ಕೇಳುತ್ತಿದ್ದ ಡಾಕ್ಟರ್ ಬಾಯಿಗೆ ಒಂದರಿಂದ ಎಣಿಸುತ್ತ ಹೋಗಬೇಕು. ಒಂದು ಸಂಖ್ಯೆ ತಪ್ಪಿದರೂ ಆಕೆ ಹೇಳಬೇಕು. ನಾನು ತರಗತಿಯ ಧ್ವನಿಯಲ್ಲಿ ಎಣಿಸತೊಡಗಿದೆ.

ಕಂಡಕ್ಟರು ಬಂದು ನಿಂತ. “ಕಾಯ್ ಮಾಸ್ತರ್, ಶಾಳಾ ಬಂದ್ ಝಾಲೀ ಮ್ಹಣೂನ್ ಬಸ್‌ಮಧ್ಯೆ ಭರವ್ಲೀ ಕಾ?” ಶಾಲೆ ಮುಚ್ಚಿತೆಂದು ಬಸ್ಸಿನಲ್ಲಿಯೇ ತರಗತಿ ನಡೆಸಿದ್ದೀಯಾ ಎಂದು ಅವನ ಪ್ರಶ್ನೆ. ಬಸ್ಸೆಲ್ಲ ನಕ್ಕಿತು. ಎಣಿಕೆ ತಪ್ಪಬಾರದೆಂದು ನಾನು ಅವನಿಗೆ ಉತ್ತರಿಸಲಿಲ್ಲ. ಹಿಂದಿನ ಸೀಟಿನ ಮುದುಕಿಯೊಬ್ಬಳು ಪಕ್ಕದವಳಿಗೆ, “ಪಾಪ, ಮನಿದಾಗ ಏನರೆ ಆಗ್ಯದ ನೋಡು,” ಎಂದಳು.

ನಾನೂರ ಹನ್ನೆರಡನ್ನು ಹೇಳುವಾಗ ಮೊಬೈಲ್ ನಡುಗಿ, ಸ್ವಾಗತದ ಸಂದೇಶ ಬಂದಿತು. ನಾನು ಎಣಿಸುತ್ತಲೇ ಹೋದೆ. ಆರುನೂರಕ್ಕೆ ಇಳಿದೆವು. ಡಾಕ್ಟರ್ ಬಾಯಿ, “ಒಂದೂ ತಪ್ಪಿಲ್ಲ ನೋಡ್ರಿ ಮಾಸ್ತರ್ರ,” ಎಂದರು. ಅಯ್ಯನವರು ನಿಲ್ದಾಣದಲ್ಲಿಯೇ ನನ್ನ ಕಾಲು ಮುಟ್ಟಲು ಬಗ್ಗಿದರು. ಜನ ನೋಡುತ್ತಾರೆಂದು ನಾನು ಹಿಂದೆ ಸರಿದೆ. ಜಂಗಮರು ಒಕ್ಕಲು ಮನೆತನದವನ ಕಾಲು ಮುಟ್ಟುವುದು ಸಲ್ಲದು. ಆಮೇಲೆ ಆದದ್ದರಿಂದ ಆ ಒಂದು ದಿನವನ್ನು ನೆನೆದರೆ ಇಂದಿಗೂ ಎದೆ ಹಗುರಾಗುವುದಿಲ್ಲ, ಆದರೆ ಆ ದಿನದ ಸಂತೋಷ ನಿಜ.

ಬಸ್ಸು ಆಚೆಯ ಟವರಿನ ನೆರಳನ್ನು ಒಮ್ಮೆ ಹಾದು ಮುಂದೆ ಹೋಗುತ್ತದೆ. ಕೊಟ್ಟಿಗೆ ಗಡಿಯ ಮೇಲೆಯೇ ನಿಂತಿರುತ್ತದೆ. ಇದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೊಟ್ಟಿಗೆಯಲ್ಲಿರುವ ಮೊಬೈಲ್ ಅಲ್ಲಾಡದೆ ಇದ್ದರೂ ನಿಮಿಷಕ್ಕೆ ಮೂರು ನಾಲ್ಕು ಸಲ ಆ ಟವರಿಗೂ ಈ ಟವರಿಗೂ ಜೀಕುತ್ತಿತ್ತು. ನಮ್ಮ ಸಂಪರ್ಕ ಕಡಿಯುತ್ತಿರಲಿಲ್ಲ; ಆದರೆ ದಾರಿ ಬದಲಾದಾಗಲೆಲ್ಲ ಹಿಂದಿನ ವೇಗವನ್ನು ಮರೆತು, ಹೊಸ ದಾರಿಯ ಶಕ್ತಿ ತಿಳಿಯುವ ತನಕ ನಿಧಾನವಾಗಿ ಆರಂಭಿಸಬೇಕೆಂದು ಆ ಇಂಗ್ಲಿಷ್ ಹಾಳೆಗಳ ಶಾಸ್ತ್ರ. ಹೊಸ ದಾರಿ ಕಿರಿದಾಗಿದ್ದರೆ ಅದನ್ನು ಉಸಿರುಗಟ್ಟಿಸಬಾರದೆಂಬುದು ಅದರ ಉದ್ದೇಶ. ನಮ್ಮ ಕೋಡ್ ಅದನ್ನು ಚಾಚೂತಪ್ಪದೆ ಪಾಲಿಸುತ್ತಿತ್ತು. ಮಾತು ಕೇಳಿಸುತ್ತಿತ್ತು, ಚಿತ್ರ ಮಾತ್ರ ಒಡೆದು ಚೌಕಚೌಕವಾಗುತ್ತಿತ್ತು. ನೆಟ್ಟಗಾಗುವಷ್ಟರಲ್ಲಿ ಮತ್ತೆ ಟವರು ಬದಲಾಗುತ್ತಿತ್ತು.

೨೦೨೩ರಲ್ಲಿ ನಮಗೆ ಒಂದು ತಿದ್ದುಪಡಿ ಬಂದಿತು. ಕಳಿಸಿದವನು ಅಪರಿಚಿತ, ಯಾವ ದೇಶದವನೆಂದು ಸಹ ನಾವು ಕೇಳಲಿಲ್ಲ. ದ್ವೀಪಗಳ ನಡುವೆ ಓಡಾಡುವ ದೋಣಿಗಳಲ್ಲಿ ಅವನು ನಮ್ಮ ಲೈಬ್ರರಿಯನ್ನು ಬಳಸುತ್ತಿದ್ದ. ಅವನಿಗೂ ಎರಡು ದಡಗಳ ಟವರುಗಳದೇ ತೊಂದರೆ. ನಲವತ್ತು ಸಾಲಿನ ಕೋಡ್. ಬಿಟ್ಟುಬಂದ ದಾರಿಯ ವೇಗವನ್ನು ನೆನಪಿಟ್ಟುಕೊಳ್ಳುವುದು. ಹತ್ತು ಸೆಕೆಂಡಿನೊಳಗೆ ಅದೇ ದಾರಿಗೆ ಮರಳಿದರೆ ಆ ವೇಗದಿಂದಲೇ ಮುಂದುವರಿಯುವುದು. ಇಷ್ಟೇ.

ನಾನು ವಹಿಯನ್ನು ತೆರೆದೆ. ಹಿಂದಿನ ವೇಗ ಈ ದಾರಿಗೂ ಸಲ್ಲುತ್ತದೆಂಬ ತಕ್ಕಷ್ಟು ಭರವಸೆ ಇದ್ದರೆ ಅದಕ್ಕೆ ಮರಳಬಹುದೆಂಬ ಅವಕಾಶ ಶಾಸ್ತ್ರದಲ್ಲಿತ್ತು. ತಕ್ಕಷ್ಟು ಎಂದರೆ ಎಷ್ಟು? ಹತ್ತು ಸೆಕೆಂಡು ಎಂದು ಅಲ್ಲಿ ಎಲ್ಲಿಯೂ ಇರಲಿಲ್ಲ. ನಾನು ಮೂರು ಪ್ರಶ್ನೆ ಬರೆದು ಕಳಿಸಿದೆ. ಹತ್ತು ಏಕೆ, ಒಂಬತ್ತು ಏಕಲ್ಲ? ಮರಳುವಷ್ಟರಲ್ಲಿ ಹಳೆಯ ದಾರಿ ಕಿರಿದಾಗಿದ್ದರೆ ಏನು ಗತಿ? ಇದನ್ನು ಅಳೆದು ನೋಡಿದ ಪರೀಕ್ಷೆಗಳೆಲ್ಲಿ?

ಅವನು ಅದೇ ದಿನ ಉತ್ತರಿಸಿದ. ಹತ್ತು ಎಂಬುದು ಅನುಭವದಿಂದ ಬಂದದ್ದು. ಎರಡು ತಿಂಗಳಿಂದ ದೋಣಿಗಳಲ್ಲಿ ಚೆನ್ನಾಗಿ ನಡೆಯುತ್ತಿದೆ. ಮೊದಲು ಒಳಗೆ ಸೇರಿಸಿ, ಬಳಕೆಯಲ್ಲಿ ಅಳೆಯುತ್ತ ಸರಿಪಡಿಸೋಣ ಎಂದು ಅವನ ಸಲಹೆ. ಸಭ್ಯವಾದ ಬರವಣಿಗೆ. ನಾನು ಅದನ್ನು ಈ ರೂಪದಲ್ಲಿ ಒಪ್ಪಲಾಗದೆಂದು, ಆಧಾರಸಹಿತವಾಗಿ ಮರಳಿ ಬರೆದು ತರಬೇಕೆಂದು ತಿಳಿಸಿ ಹಿಂದಿರುಗಿಸಿದೆ.

ಮರುವಾರ ಅಯ್ಯನವರು ನಮ್ಮ ಗಲ್ಲಿಯ ಒಂದು ಮನೆಗೆ ತೊಟ್ಟಿಲ ಕಾರ್ಯಕ್ಕೆ ಬಂದವರು ನಮ್ಮಲ್ಲಿಗೂ ಬಂದರು. ಹೆಂಡತಿ ಹಾಲು ಕೊಟ್ಟಳು. ಲೋಟ ಬರಿದಾದ ಮೇಲೂ ಅದನ್ನು ಕೈಯಲ್ಲಿಯೇ ತಿರುಗಿಸುತ್ತ ಕುಳಿತಿದ್ದರು.

“ಗುರುಗಳ, ಆ ದೋಣಿಯವಂದು ನೋಡಿದ್ನಿರಿ.”

“ಹೂಂ.”

“ಎರಡ್ ತಿಂಗಳ ನಡಸ್ಯಾನಂತ.”

“ನಡಸಿದ್ದು ಬ್ಯಾರೆ, ಸಿದ್ಧ ಮಾಡಿದ್ದು ಬ್ಯಾರೆ, ಅಯ್ಯನವರ. ನೀವು ಸೇರಸು ಅಂದ್ರ ನಾ ಈಗೇ ಒಪ್ಪತೀನಿ.”

“ನಾ ಹೆಂಗ ಅನ್ಲಿರಿ? ನಿಮ್ಮ ಕಣ್ಣಿಗಿ ಕೊರತಿ ಕಂಡದ.”

“ಕೊರತಿ ಕಂಡದ ಖರೆ. ಆದ್ರ ನಿಮ್ಮ ಅಪ್ಪಣಿ ಆದ್ರ ಮುಗೀತು.”

“ನಿಮ್ಮ ಮಾತು ಮೀರಿ ಅಪ್ಪಣಿ ಮಾಡಷ್ಟು ದೊಡ್ಡಾಂವ ನಾ ಅಲ್ರಿ ಗುರುಗಳ. ಇರಲಿ ಬಿಡ್ರಿ. ಅಂವಾ ಮತ್ತ ಬರೀತಾನ.”

ಅವರು ಹೋದ ಮೇಲೆ ಹೆಂಡತಿ ಲೋಟ ತೊಳೆಯುತ್ತ, “ಆತ ನಿಮ್ಮ ಕಾಲ ಹಿಡದಾನ, ನೀವು ಆತನ ಕಾಲ ಹಿಡದೀರಿ. ಎದ್ದು ಬಾಗಲಾ ತೆಗಿಯಾವ್ರು ಯಾರು?” ಎಂದಳು. ಅವಳಿಗೆ ಲೈಬ್ರರಿಯೂ ಗೊತ್ತಿಲ್ಲ, ದೋಣಿಯೂ ಗೊತ್ತಿಲ್ಲ. ಅಡುಗೆಮನೆಯಿಂದ ಕೇಳಿದ್ದು ಆ ನಾಲ್ಕು ಮಾತು ಮಾತ್ರ. ನಾನು ಅವಳನ್ನು ಗದರಿಸಿದೆ.

ಅವನು ಮತ್ತೆ ಬರೆಯುತ್ತಾನೆಂದು ನನಗೆ ಕಿಂಚಿತ್ತೂ ಸಂಶಯವಿರಲಿಲ್ಲ. ಇದಕ್ಕೆ ಕಾರಣ ನನ್ನ ಇಪ್ಪತ್ತೈದು ವರ್ಷ. ಹಿಂದಿರುಗಿಸಿದ ವಹಿ ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಇರುತ್ತದೆ, ತಿದ್ದಿಕೊಂಡು. ಇರದೇ ಹೋದದ್ದನ್ನು ನಾನು ಕಂಡಿಲ್ಲ. ಅದು ನನ್ನ ಕಲಿಸುವಿಕೆಯ ಬಲವೆಂದು ತಿಳಿದಿದ್ದೆ. ಮಕ್ಕಳಿಗೆ ಹೋಗಲು ಬೇರೆ ಶಾಲೆ ಇರಲಿಲ್ಲ, ಅಷ್ಟೇ. ಬೇರೆ ಶಾಲೆ ಆದಾಗ ಅವರೂ ಹೋದರು, ನಾನು ಅತಿರಿಕ್ತನಾದೆ. ಅದನ್ನು ಕಣ್ಣಾರೆ ಕಂಡ ಮೇಲೆಯೂ ಈ ಎರಡನ್ನು ಜೋಡಿಸಿ ನೋಡುವಷ್ಟು ಬುದ್ಧಿ ನನಗೆ ಬರಲಿಲ್ಲ.

ಹನ್ನೊಂದು ದಿನ ಕಾದೆ. ಹನ್ನೆರಡನೆಯ ದಿನ ನಾಲ್ಕು ಸಾಲಿನ ಪತ್ರ ಬಂದಿತು. ಇಂಥ ಒಳ್ಳೆಯ ಲೈಬ್ರರಿಯನ್ನು ಕೊಟ್ಟದ್ದಕ್ಕೆ ಕೃತಜ್ಞತೆ, ನಿಮ್ಮ ಎಚ್ಚರಿಕೆಯನ್ನು ಗೌರವಿಸುತ್ತೇನೆ, ನನ್ನ ದೋಣಿಗಳು ಕಾಯಲಾರವು, ಆದ್ದರಿಂದ ಪ್ರತಿ ಮಾಡಿಕೊಂಡು ಬೇರೆಯಾಗಿ ನಡೆಸುತ್ತೇನೆ, ಶುಭವಾಗಲಿ. ಸಿಟ್ಟಿನ ಒಂದು ಪದವೂ ಇರಲಿಲ್ಲ. ಇದ್ದಿದ್ದರೆ ಉತ್ತರ ಬರೆಯಬಹುದಾಗಿತ್ತು.

ಮೊದಲ ಕೆಲವು ತಿಂಗಳು ಏನೂ ಆಗಲಿಲ್ಲ. ಆಮೇಲೆ ನಮ್ಮಲ್ಲಿ ಪ್ರಶ್ನೆ ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಅಲ್ಲಿ ಕೇಳತೊಡಗಿದರು. ನಮಗೆ ತಿದ್ದುಪಡಿ ಕಳಿಸುತ್ತಿದ್ದ ನಾಲ್ಕೈದು ಜನ ಅಲ್ಲಿಗೆ ಕಳಿಸತೊಡಗಿದರು. ಯಾವುದನ್ನು ನಡೆಸಲು ಮಂದಿ ಹುಟ್ಟಬೇಕೆಂದು ಅಯ್ಯನವರು ಚಪ್ಪಲಿ ಮೆಟ್ಟುತ್ತ ಹೇಳಿದ್ದರೋ, ಆ ಮಂದಿ ಹುಟ್ಟಿದರು; ಆದರೆ ನಮ್ಮ ಅಂಗಳದಲ್ಲಿ ಅಲ್ಲ. ನಾನು ದಿನವೂ ಬೆಳಿಗ್ಗೆ ಪರದೆ ತೆರೆದು ನೋಡುತ್ತಿದ್ದೆ. ಪರಿಶೀಲಿಸುವುದಕ್ಕೆ ಏನೂ ಬಂದಿರುತ್ತಿರಲಿಲ್ಲ. ಒಳಗಿದ್ದುದನ್ನೇ ಮತ್ತೊಮ್ಮೆ ಪರಿಶೀಲಿಸುತ್ತಿದ್ದೆ.

೨೦೨೪ರ ಬೇಸಿಗೆಯಲ್ಲಿ ಡಾಕ್ಟರ್ ಬಾಯಿ ನನ್ನನ್ನು ಉದಗೀರಕ್ಕೆ ಕರೆದರು. ನಿಲಂಗಾದಲ್ಲಿ ಬಸ್ಸು ಬದಲಿಸಿ ಹೋದೆ. ದವಾಖಾನೆಯ ಅಂಗಳದಲ್ಲಿ ಒಂದು ಎಮ್ಮೆಗೆ ಹಗ್ಗ ಬಿಗಿದು ನಿಲ್ಲಿಸಿದ್ದರು; ಅದರ ಕೆಲಸ ಮುಗಿಸಿ, ಕೈ ತೊಳೆದುಕೊಂಡು ಬಂದು, ನನ್ನ ಎದುರಿಗೆ ಕುರ್ಚಿ ಎಳೆದು ಕುಳಿತರು. ಆಕೆ ನಿಲಂಗಾದ ಶಾಲೆಯಲ್ಲಿ ಓದಿದವರು, ನನ್ನ ಶಿಷ್ಯೆಯಲ್ಲ. ಹೀಗಾಗಿ ಆಕೆಯ ಬಾಯಿಗೆ ಬೀಗವಿರಲಿಲ್ಲ.

“ಮಾಸ್ತರ್ರ, ಸಿಟ್ಟಿಲೆ ಹೇಳ್ಲತಿಲ್ಲ, ತಿಳೀತೇನ್ರಿ? ಮೊನ್ನೆ ಗಡಿ ಕಡಿಂದ ಒಂದ್ ಫೋನ್ ಬಂತು. ದೇವಣಿ ತಳಿ ಹೋರಿ. ಹೊಟ್ಟಿ ಉಬ್ಬಿತ್ತು. ನಾ ಅಲ್ಲಿ ಮುಟ್ಟಲಾಕ ಎರಡ್ ತಾಸ್ ಬೇಕು, ಅದಕ್ಕ ಅರ್ಧ ತಾಸೂ ಇರಲಿಲ್ಲ. ಎಲ್ಲಿ ಚುಚ್ಚಬೇಕು ಅಂತ ಆ ರೈತಗ ತೋರಸಬೇಕಿತ್ತು. ಅಂವಾ ಸೂಜಿ ಹಿಡಕೊಂಡು ನಿಂತಾನ. ನಂಗ ಹೋರಿ ಕಾಣವಲ್ದು. ಚೌಕ, ಚೌಕ, ಚೌಕ.”

ನಾನು ಅಂಗಳದ ಎಮ್ಮೆಯ ಕಡೆ ನೋಡಿದೆ.

“ಸತ್ತಿತು,” ಎಂದರು. “ನಿಮ್ಮ ಲೈಬ್ರರಿಲಿಂದೇ ಸತ್ತದ ಅಂತ ನಾ ಅನ್ನಂಗಿಲ್ಲ. ಹೊಟ್ಟಿ ಉಬ್ಬಿದ ದನ ನಾ ಎದುರಿಗಿ ಇದ್ರೂ ಸಾಯ್ತಾವ. ಆದ್ರ ನಾ ನೋಡ್ಲಿಲ್ಲ. ಆ ದೋಣಿಯವಂದು ಹಾಕಿಕೊಡು ಅಂತ ತಮ್ಮಗ ಹೇಳೀನಿ. ನಿನ್ನೆ ಹಾಕಿಕೊಟ್ಟಾನ. ನಿಮಗ ಹೇಳಲಾಕ ಅವನಿಗಿ ಬಾಯಿ ಬರಂಗಿಲ್ಲ, ಅದಕ್ಕ ನಾ ಕರಸ್ದೆ.”

“ಆ ಹತ್ತು ಸೆಕೆಂಡಿಗಿ ಅವರು ಇನ್ನಾ ಆಧಾರ ಕೊಟ್ಟಿಲ್ರಿ,” ಎಂದೆ. ಅಂಥ ಹೊತ್ತಿನಲ್ಲಿಯೂ ನನ್ನ ಬಾಯಿಂದ ಬಂದದ್ದು ಅದೇ.

ಆಕೆ ನನ್ನನ್ನು ನೋಡಿದರು, ತುಸು ಕನಿಕರದಿಂದಲೇ. “ಇಲ್ರಿ. ಆಧಾರ ಇಲ್ಲ. ಚಿತ್ರ ಅದ,” ಎಂದರು. ಮೊಬೈಲ್ ತೆಗೆದು ತೋರಿಸಿದರು. ಅದೇ ಗಡಿಯ ಕೊಟ್ಟಿಗೆಯೊಂದರಲ್ಲಿ ಒಂದು ಆಕಳು ನಿಂತು ಮೆಲುಕು ಹಾಕುತ್ತಿತ್ತು. ಅದರ ರೆಪ್ಪೆಯ ಕೂದಲು ಸಹ ಎಣಿಸುವಂತಿತ್ತು.

ಮರಳುವಾಗ ನಿಲಂಗಾದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತ ಎಷ್ಟೋ ಹೊತ್ತು ಕುಳಿತೆ. ಅಯ್ಯನವರು ತಮ್ಮ ಸ್ವಂತ ಕೈಯಿಂದ, ತಮ್ಮ ಲೈಬ್ರರಿಯನ್ನು ತೆಗೆದು ಅವನದನ್ನು ಅಕ್ಕನಿಗೆ ಹಾಕಿಕೊಟ್ಟಿದ್ದರು. ಅದನ್ನು ಹೇಳಿದರೆ ನನಗೆ ನೋವಾದೀತೆಂದು ಹೇಳಿರಲಿಲ್ಲ. ಮೊದಲೇ ನನ್ನನ್ನು ಒಮ್ಮೆ ನೋಯಿಸಿದ್ದರೆ ಅವರ ಕೆಲಸ ಉಳಿಯುತ್ತಿತ್ತು. ನೊಂದು ತಿದ್ದಿಕೊಳ್ಳುವ ಅವಕಾಶವನ್ನು ಅವರು ನನಗೆ ಕೊಡಲಿಲ್ಲ, ನಾನು ಕೇಳಲಿಲ್ಲ.

ಮನೆಗೆ ಬಂದು ದೋಣಿಯವನಿಗೆ ಪತ್ರ ಬರೆದೆ. ನನ್ನ ತೀರ್ಮಾನ ತಪ್ಪಾಗಿತ್ತೆಂದು ಬರೆಯುವುದಕ್ಕೆ ಮೂರು ದಿನ ಹಿಡಿಯಿತು. ಎರಡು ಲೈಬ್ರರಿಗಳನ್ನು ಮತ್ತೆ ಒಂದು ಮಾಡಬಹುದೇ ಎಂದು ಕೇಳಿದೆ. ಅವನ ಉತ್ತರ ಮೊದಲಿನಷ್ಟೇ ಸಭ್ಯವಾಗಿತ್ತು. ತಪ್ಪೇನೂ ಇಲ್ಲ, ಈಗ ಅವನ ಜೊತೆ ಆರು ಜನ ಇದ್ದಾರೆ, ಕೋಡ್ ಬಹಳ ದೂರ ಸಾಗಿದೆ, ಒಂದು ಮಾಡುವುದು ಸಾಧ್ಯವಿಲ್ಲ, ನಿಮ್ಮಂಥ ಓದುಗರು ಬಂದರೆ ಸಂತೋಷ ಎಂದು ಬರೆದಿದ್ದ. ಬಳಕೆಯಲ್ಲಿ ಅಳೆದು ನೋಡಿ ಹತ್ತನ್ನು ಎಂಟಕ್ಕೆ ಇಳಿಸಿದ್ದೇವೆಂದೂ, ಅದರ ಅಳತೆಯ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆಂದೂ ಕೊನೆಗೆ ಸೇರಿಸಿದ್ದ. ನಾನು ಕೇಳಿದ್ದ ಆಧಾರ ಅದೇ. ಪಟ್ಟಿ ಅಚ್ಚುಕಟ್ಟಾಗಿತ್ತು.

ಆಮೇಲೆ ಆ ನಲವತ್ತು ಸಾಲನ್ನು ನಮ್ಮಲ್ಲಿಯೂ ಸೇರಿಸಿದೆವು. ಅಯ್ಯನವರು ಸೇರಿಸಿದರು, ನಾನು ಒಪ್ಪಿದೆ. ಯಾರೂ ಗಮನಿಸಲಿಲ್ಲ, ಗಮನಿಸಲು ಯಾರೂ ಉಳಿದಿರಲಿಲ್ಲ. ಅವನಲ್ಲಿಗೆ ಓದುಗನಾಗಿ ಹೋಗಲು ಒಂದೆರಡು ಸಲ ಪ್ರಯತ್ನಿಸಿದೆ. ಅಲ್ಲಿ ಒಬ್ಬ ಒಪ್ಪಿದರೆ ಸಾಕು, ಬದಲಾವಣೆ ಅಂದೇ ಒಳಗೆ. ನಾನು ಓದಿ ಮುಗಿಸುವಷ್ಟರಲ್ಲಿ ಮುಂದಿನ ನಾಲ್ಕು ಬಂದಿರುತ್ತಿದ್ದವು. ತಪ್ಪುಗಳೂ ಇದ್ದವು; ಹೇಳಿದರೆ ಧನ್ಯವಾದವೆಂದು ತಿದ್ದಿಕೊಳ್ಳುತ್ತಿದ್ದರು. ಹೇಳದಿದ್ದರೂ ಇನ್ನೊಬ್ಬ ಯಾರಾದರೂ ಹೇಳುತ್ತಿದ್ದ. ಅಲ್ಲಿಯೂ ನಾನು ಬೇಕಾದುದಕ್ಕಿಂತ ಹೆಚ್ಚಾಗಿ ಇದ್ದೆ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಉದಗೀರದ ಕಾಕಾ ಹಾಸಿಗೆ ಹಿಡಿದರು. ಅಯ್ಯನವರು ವಾರದಲ್ಲಿ ನಾಲ್ಕು ದಿನ ಮಠದಲ್ಲಿ, ಉಳಿದ ಮೂರು ದಿನ ಭಕ್ತರ ಮನೆಗಳಲ್ಲಿ. ಡಿಸೆಂಬರಿನಲ್ಲಿ ಯಾರೋ ಒಬ್ಬರು ನಮಗೂ ದೋಣಿಯವನಿಗೂ ಒಟ್ಟಿಗೆ ತಿಳಿಸಿದರು: ಎರಡೂ ಲೈಬ್ರರಿಗಳಲ್ಲಿ ಒಂದು ಹಳೆಯ ಕೊರತೆಯಿದೆ, ಅದರಿಂದ ಹೊರಗಿನವರು ಸರ್ವರನ್ನು ಕೆಡವಬಹುದು. ಕೊರತೆ ಅಯ್ಯನವರ ಮೂಲ ಕೋಡಿನದು. ನಾನು ಮೂರು ವರ್ಷ ಓದಿಯೂ ಕಂಡಿರದಿದ್ದುದು. ದೋಣಿಯವರು ಅಂದೇ ಸರಿಪಡಿಸಿದರು. ಅಯ್ಯನವರು ಆಗ ಮಾಕಣಿಯ ಕಡೆ ಒಂದು ಮಣ್ಣಿಗೆ ಹೋಗಿದ್ದರು. ಮಣ್ಣಿಗೆ ಕರೆದರೆ ಜಂಗಮರು ನಾಳೆ ಎನ್ನುವಂತಿಲ್ಲ. ಅಲ್ಲಿಂದ ಹಾಗೆಯೇ ಇನ್ನೊಂದು ಊರಿನ ಮಣ್ಣಿಗೆ ಹೋದರು. ತಪ್ಪು ಎಲ್ಲಿದೆಯೆಂದು ನನಗೆ ಕಾಣುತ್ತಿತ್ತು. ತಿದ್ದಿ ಬರೆಯುವುದು ನನಗೆ ಬರುತ್ತಿರಲಿಲ್ಲ. ಹದಿನೇಳು ಸಲ ಬರೆದು ನೋಡಿದೆ; ಒಂದೂ ನಡೆಯಲಿಲ್ಲ. ಮೂರನೆಯ ದಿನ ಅಯ್ಯನವರು ಮರಳಿ ಅರ್ಧ ತಾಸಿನಲ್ಲಿ ಮುಗಿಸಿದರು.

ಜನವರಿಯಲ್ಲಿ ಕಾಕಾ ಲಿಂಗೈಕ್ಯರಾದರು. ಮಠದ ಭಾರ ವಹಿಸಿಕೊಳ್ಳುವ ದಿನವನ್ನು ಹಿರಿಯರು ಗೊತ್ತುಮಾಡಿದರು. ಅದಕ್ಕೆ ಕೆಲವು ದಿನ ಮೊದಲು, ಒಂದು ಬೆಳಿಗ್ಗೆ, ಅಯ್ಯನವರ ಫೋನ್ ಬಂದಿತು.

“ಗುರುಗಳ, ಊಟ ಆಯ್ತೇನ್ರಿ?”

“ಇನ್ನಾ ಹತ್ತೂ ಆಗಿಲ್ರಿ ಅಯ್ಯನವರ.”

“ಹೌದಲ್ಲ.” ಹಿಂದೆ ಯಾರೋ ಪಾತ್ರೆ ತೊಳೆಯುವ ಸಪ್ಪಳ. “ನಮ್ಮ ಲೈಬ್ರರಿ ಮುಚ್ಚಿಬಿಡತೀನ್ರಿ. ನೋಡ್ಲಾಕ ಯಾರೂ ಇಲ್ಲದ್ದು ತೆರೆದಿಟ್ರ, ತಿಳೀದೆ ಯಾರರೆ ತಗೊಂಡು ಬಳಸತಾರ. ಮತ್ತ ಏನರೆ ಹೊಕ್ಕಿತಂದ್ರ ಮಂದಿಗಿ ತ್ರಾಸು.”

“ನಾ ನೋಡತೀನಲ್ರಿ,” ಎಂದೆ. “ದಿನಾ ನೋಡತೀನಿ.”

“ನೀವು ನೋಡತೀರಿ, ನಂಗ ಗೊತ್ತದ. ತಿದ್ದಾವ್ರು ಬೇಕಲ್ರಿ ಗುರುಗಳ.”

ಇಷ್ಟು ವರ್ಷಗಳಲ್ಲಿ ಅವರು ನನ್ನ ಮಾತಿಗೆ ಎದುರಾಗಿ ಆಡಿದ ಮೊದಲ ಮಾತು ಅದು. ನಾನು ಹೂಂ ಎಂದೆ. ದೋಣಿಯವರ ಲೈಬ್ರರಿಯನ್ನು ಬಳಸಿರಿ ಎಂದು ಒಂದು ಸಾಲು ಬರೆದಿಟ್ಟಿದ್ದಾರೆಂದು ಹೇಳಿದರು. ಮಠಕ್ಕೆ ಬಂದು ಹೋಗಿರಿ, ಅಮ್ಮನವರನ್ನೂ ಕರೆದುಕೊಂಡು ಬನ್ನಿರಿ ಎಂದು ನನ್ನ ಹೆಂಡತಿಯನ್ನೂ ಕರೆದರು. ಫೋನ್ ಇಟ್ಟ ಮೇಲೆ ನಾನು ಪರದೆ ತೆರೆದುಕೊಂಡು ಕುಳಿತೆ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಲೈಬ್ರರಿಯ ಪುಟದ ಮೇಲ್ಭಾಗದಲ್ಲಿ ಹಳದಿ ಪಟ್ಟಿಯೊಂದು ಮೂಡಿತು: ಇದು ಇನ್ನು ಓದುವುದಕ್ಕೆ ಮಾತ್ರ, ಬದಲಾಯಿಸುವಂತಿಲ್ಲ. ಅದು ೨೦೨೫ನೆಯ ಇಸವಿಯ ಜನವರಿ ಇಪ್ಪತ್ತೊಂದನೆಯ ತಾರೀಖು, ಮಂಗಳವಾರ.